ಬೆನ್ನ ಹಿಂದಿನ ಕಡಲು: ಆಟ, ಸಾಹಸ ಕಲಿಸುವವರನ್ನು ನಾವು ಹೇಗೆ ತಯಾರು ಮಾಡುತ್ತಿದ್ದೇವೆ?

ಬಿಪಿಎಡ್, ಅಂದರೆ ದೈಹಿಕ ಶಿಕ್ಷಕರಾಗಲು ಓದುವ ಪದವಿಗೆ ಸೇರಿದವರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಒಂದು ನಿಯಮವಿದೆ. ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸುವಾಗ ಬಿಸಿಲು ಅವರ ಕಣ್ಣಿಗೆ ಹೊಡೆಯಬಾರದು. ಸೂರ್ಯ ಮಕ್ಕಳ ಬೆನ್ನಿಗಿರಬೇಕು, ಮಾಸ್ಟ್ರ ಮುಖಕ್ಕಿರಬೇಕು. ಕಣ್ಣು ಕಿರಿದು ಮಾಡಿಕೊಂಡು ನಿಂತ ಮಗುವಿಗೆ ಯಾವ ಪ್ರಾತ್ಯಕ್ಷಿಕೆಯೂ ಕಾಣುವುದಿಲ್ಲ ಎನ್ನುವುದು ಅದರ ಹಿಂದಿನ ತಿಳಿವಳಿಕೆ. ಒಳ್ಳೆಯ ನಿಯಮ.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಮಂಗಳೂರಿನ ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಒಬ್ಬ ತರಬೇತಿ ವಿದ್ಯಾರ್ಥಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದನ್ನು ನೋಡಿದೆ. ಹೈಸ್ಕೂಲಿನ ಇಪ್ಪತ್ತನಾಲ್ಕು ಮಕ್ಕಳು, ಮರಳಿನಲ್ಲಿ ರಿಲೇ ಆಟ. ಗಂಟೆ ಎಂಟೂವರೆ, ಸೂರ್ಯ ಪೂರ್ವದ ತೆಂಗಿನ ಸಾಲಿನ ಮೇಲೆ. ಬಿಸಿಲು ಮಕ್ಕಳ ಬೆನ್ನಿಗಿರಲಿ ಎಂದು ಹುಡುಗ ಅವರನ್ನು ಪಡುವಣಕ್ಕೆ ಮುಖ ಮಾಡಿಸಿ ನಿಲ್ಲಿಸಿದ, ತಾನು ಎದುರಿಗೆ ನಿಂತ. ನಮ್ಮ ಕರಾವಳಿಯಲ್ಲಿ ಪಡುವಣಕ್ಕಿರುವುದು ಕಡಲು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅಲೆ ಬಂದು ಹೋಗುತ್ತಿತ್ತು, ಅವನ ಬೆನ್ನು ಪೂರ್ತಿ ಅದರ ಕಡೆಗಿತ್ತು. ಒಂದು ಚೆಂಡು ಉರುಳಿತು, ಒಬ್ಬ ಹುಡುಗ ಅದರ ಹಿಂದೆ ಓಡಿ ಮೊಣಕಾಲು ನೀರಿಗಿಳಿದ. ಕಲಿಸುತ್ತಿದ್ದವನಿಗೆ ಗೊತ್ತಾಗಲಿಲ್ಲ. ಮೇಲ್ವಿಚಾರಣೆಗೆ ಬಂದಿದ್ದ ಹಿರಿಯ ಉಪನ್ಯಾಸಕರು ಅಷ್ಟರಲ್ಲಾಗಲೇ ನೀರಿನಂಚಿಗೆ ಹೋಗಿ ನಿಂತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಪಾಠ ಮುಗಿದ ಮೇಲೆ ಅವರು ಕೇಳಿದ್ದು ಎರಡೇ ಪ್ರಶ್ನೆ.

"ಬಿಸಿಲು ಯಾರ ಬೆನ್ನಿಗಿತ್ತು ಮಾರಾಯ?"

"ಮಕ್ಕಳ ಬೆನ್ನಿಗೆ ಸರ್."

"ಕಡಲು?"

ಹುಡುಗ ಉತ್ತರ ಹೇಳಲಿಲ್ಲ. ತಿರುಗಿ ಒಮ್ಮೆ ನೋಡಿದ.

ಅವನ ಪಾಠದಲ್ಲಿ ಬೇರೆ ಯಾವ ಕೊರತೆಯೂ ಇರಲಿಲ್ಲ. ದನಿ ಚೆನ್ನಾಗಿತ್ತು, ಸೂಚನೆ ಚುಟುಕಾಗಿತ್ತು, ವಿಸಿಲ್ ಬೇಕಾದಷ್ಟೇ ಊದಿದ. ಮೈದಾನಕ್ಕೆಂದು ಕಲಿತ ನಿಯಮವನ್ನು ಮೈದಾನವಲ್ಲದ ಜಾಗಕ್ಕೆ ಹಾಗೇ ಹೊತ್ತು ತಂದಿದ್ದ, ಅಷ್ಟೇ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ಕಲಿಸಲು ತಯಾರಾಗುತ್ತಿರುವ ಹುಡುಗ ಹುಡುಗಿಯರ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಎರಡನೆಯ ಪ್ರಶ್ನೆ ನೆನಪಾಗುತ್ತದೆ. ಸುಣ್ಣದ ಗೆರೆ ಎಳೆದ ಅಂಗಳದೊಳಗೆ ಕಲಿಸುವುದಕ್ಕೆ ನಾವು ಅವರನ್ನು ತಕ್ಕಮಟ್ಟಿಗೆ ಸಜ್ಜುಗೊಳಿಸುತ್ತಿದ್ದೇವೆ. ಆದರೆ ಅವರ ಕೈಗೆ ಬರುವ ಮಕ್ಕಳು ಇರುವುದು ಕಡಲು, ಹೊಳೆ, ಘಟ್ಟಗಳ ನಡುವೆ. ಗೆರೆಯಾಚೆ ಕಾಲಿಟ್ಟರೆ ಏನು ನೋಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಾವು ಅವರ ಅದೃಷ್ಟಕ್ಕೆ ಬಿಟ್ಟಿದ್ದೇವೆ.

ಭಾರತದಲ್ಲಿ ದೈಹಿಕ ಶಿಕ್ಷಕರನ್ನು ತಯಾರು ಮಾಡುವ ಕೆಲಸಕ್ಕೆ ನೂರು ವರ್ಷ ಕಳೆದಿದೆ. ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಹ್ಯಾರಿ ಕ್ರೋ ಬಕ್ ಆರಂಭಿಸಿದ್ದು 1920ರಲ್ಲಿ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜು ಶುರುವಾದದ್ದು 1957ರಲ್ಲಿ. ಬಹುಕಾಲ ಒಂದೇ ವರ್ಷದ್ದಾಗಿದ್ದ ಬಿಪಿಎಡ್, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಎರಡು ವರ್ಷದ್ದಾಯಿತು. ಅಂಗರಚನೆ, ಶರೀರಕ್ರಿಯೆ, ಚಲನೆಯ ವಿಜ್ಞಾನ, ಯೋಗ, ಪರೀಕ್ಷೆ ಮತ್ತು ಮಾಪನ, ತೀರ್ಪುಗಾರಿಕೆ, ಅಭ್ಯಾಸ ಪಾಠ, ಎಲ್ಲವೂ ಅದರಲ್ಲಿದೆ. ನಾಯಕತ್ವ ಶಿಬಿರ ಎಂಬ ಹೆಸರಿನಲ್ಲಿ ಕೆಲವು ದಿನ ಹೊರಗೆ ಡೇರೆ ಹಾಕುವ ರೂಢಿಯೂ ಇದೆ. ನಮ್ಮ ಕಡೆ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿ ದೈಹಿಕ ಶಿಕ್ಷಣ ವಿಭಾಗವಿದೆ, ಮೂಡುಬಿದಿರೆಯ ಆಳ್ವಾಸ್‌ನಲ್ಲಿ ದೈಹಿಕ ಶಿಕ್ಷಣ ಕಾಲೇಜಿದೆ. ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು ಕ್ರೀಡಾಂಗಣಗಳಲ್ಲಿ ಬೆಳಗಿನ ಆರಕ್ಕೆ ಹೋದರೆ ಈ ನೆಲದ ಕ್ರೀಡಾ ಹಸಿವು ಕಣ್ಣಿಗೆ ಕಾಣುತ್ತದೆ. ಏಷ್ಯನ್ ಕ್ರೀಡಾಕೂಟದ ರಿಲೇ ಚಿನ್ನದ ಎಂ.ಆರ್. ಪೂವಮ್ಮ ಮಂಗಳೂರಿನವರು. 2010ರಲ್ಲಿ ಗುವಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದ ಅಶ್ವಿನಿ ಅಕ್ಕುಂಜಿ ಉಡುಪಿ ಜಿಲ್ಲೆಯ ಸಿದ್ದಾಪುರದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಎತ್ತಿದ ಗುರುರಾಜ ಪೂಜಾರಿ ಕುಂದಾಪುರ ಕಡೆಯವರು, ಕಬಡ್ಡಿಯ ಮಮತಾ ಪೂಜಾರಿ ಕಾರ್ಕಳದವರು.

ಈ ಹೆಮ್ಮೆಯಲ್ಲಿ ಒಂದು ತೊಡಕೂ ಇದೆ. ಚೆನ್ನಾಗಿ ಆಡುವವರು ಚೆನ್ನಾಗಿ ಕಲಿಸುತ್ತಾರೆ ಎಂದು ನಾವು ಕೇಳದೆಯೇ ನಂಬಿಬಿಟ್ಟಿದ್ದೇವೆ. ಬಿಪಿಎಡ್ ಪ್ರವೇಶದಲ್ಲಿ ಕ್ರೀಡಾ ಸಾಧನೆಗೆ ತೂಕವಿದೆ, ಇರಬೇಕಾದ್ದೇ. ಆದರೆ ಒಳಗೆ ಬಂದ ಓಟಗಾರನಿಗೆ ಎದುರಾಗುವುದು ಓಡಲು ಬಾರದ, ಓಡಲು ಮನಸ್ಸಿಲ್ಲದ, ಓಡಿದರೆ ಉಬ್ಬಸ ಬರುವ ಮಗು. ತನಗೆ ಸಲೀಸಾಗಿ ಬಂದದ್ದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ ಎಂದು ಕಾಣಬೇಕಾದರೆ ಬೇರೆಯದೇ ಕಣ್ಣು ಬೇಕು.

ಪರ್ವತಾರೋಹಣದವರು ಇದನ್ನು ಎಂದೋ ಅರ್ಥಮಾಡಿಕೊಂಡಿದ್ದಾರೆ. ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಉತ್ತರಕಾಶಿಯ ನೆಹರೂ ಸಂಸ್ಥೆ 1965ರಲ್ಲಿ ಶುರುವಾದವು. ಅಲ್ಲಿ ಮೊದಲು ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್. ಅದರಲ್ಲಿ ಎ ದರ್ಜೆ ಬಂದರೆ ಅಡ್ವಾನ್ಸ್. ಅಲ್ಲೂ ಎ ದರ್ಜೆ ಬಂದರೆ ಮೂರನೆಯ ಮೆಟ್ಟಿಲು, ಬೋಧನಾ ವಿಧಾನದ ಕೋರ್ಸ್. ಹತ್ತುವುದು ಬಂದವನಿಗೆ ಹತ್ತಿಸುವುದನ್ನು ಬೇರೆಯಾಗಿ ಕಲಿಸಬೇಕು ಎಂದು ಆ ಸಂಸ್ಥೆಗಳು ಒಪ್ಪಿಕೊಂಡಿವೆ. ಸರ್ಫಿಂಗ್‌ನಲ್ಲೂ ಹಾಗೆಯೇ, ಅಲೆ ಏರುವ ಸ್ಪರ್ಧಿ ಬೇರೆ, ಕಲಿಸಲು ಪ್ರಮಾಣಪತ್ರ ಪಡೆದ ಬೋಧಕ ಬೇರೆ. ಮೂಲ್ಕಿಯಲ್ಲಿ ಸರ್ಫಿಂಗ್ ಬೇರೂರಿದ ಮೇಲೆ ನಮ್ಮ ಮೀನುಗಾರ ಕುಟುಂಬಗಳ ಹುಡುಗರು ಇಂಥ ತರಬೇತಿ ಪಡೆದು ಬೋಧಕರಾಗಿದ್ದಾರೆ. ಸಸಿಹಿತ್ಲು, ಪಣಂಬೂರುಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಆದರೆ ಆ ಲೋಕಕ್ಕೂ ಅಲ್ಲಿಂದ ಮುಕ್ಕಾಲು ಗಂಟೆ ದಾರಿಯ ದೈಹಿಕ ಶಿಕ್ಷಣ ತರಗತಿಗೂ ನಡುವೆ ಓಡಾಟ ಬಹಳ ಕಡಿಮೆ.

ಸಾಹಸದ ಮಾತಿಗೆ ಹೋಗುವ ಮೊದಲು ಸಾಮಾನ್ಯ ಆಟದ ಪೀರಿಯಡ್ಡನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಕಲಿಸುವಿಕೆಯ ಸೋಲು ಗೆಲುವು ಅಲ್ಲೇ ಇದೆ. ಒಂದು ಸರ್ಕಾರಿ ಶಾಲೆಯ ಏಳನೇ ತರಗತಿ, 36 ಮಕ್ಕಳು, ಥ್ರೋಬಾಲ್ ಪಾಠ. ಕಲಿಸುತ್ತಿದ್ದದ್ದು ಎರಡನೇ ವರ್ಷದ ತರಬೇತಿ ವಿದ್ಯಾರ್ಥಿನಿ, ಸ್ವತಃ ಒಳ್ಳೆಯ ಆಟಗಾರ್ತಿ. ಮಕ್ಕಳನ್ನು ಎರಡು ಸಾಲು ಮಾಡಿದಳು, ಸಾಲಿಗೊಂದು ಚೆಂಡು. ಪೀರಿಯಡ್ 40 ನಿಮಿಷ. ಅಂಗಳಕ್ಕೆ ಬಂದು ಹಾಜರಿ ಕೂಗಿ ಮುಗಿಯುವಾಗ 5 ನಿಮಿಷ ಹೋಯಿತು, ವಿವರಣೆ ಪ್ರಾತ್ಯಕ್ಷಿಕೆಗೆ ಹತ್ತು. ಉಳಿದದ್ದು 25. ಹಿಡಿದು, ಎಸೆದು, ಸಾಲಿನ ಹಿಂದಕ್ಕೆ ಹೋಗಲು ಒಬ್ಬರಿಗೆ 15 ಸೆಕೆಂಡ್. ಸಾಲಿನಲ್ಲಿ 18 ಮಕ್ಕಳು. ಲೆಕ್ಕ ಹಾಕಿದರೆ ಒಂದು ಮಗುವಿಗೆ ಐದು ಸಲ, ಹೆಚ್ಚೆಂದರೆ ಆರು ಸಲ ಸರದಿ ಬರುತ್ತದೆ. 40 ನಿಮಿಷದಲ್ಲಿ ಆ ಮಗು ನಿಜಕ್ಕೂ ಆಡಿದ್ದು ಒಂದೂವರೆ ನಿಮಿಷ, ಮಿಕ್ಕಿದ್ದೆಲ್ಲ ಮುಂದಿನವರ ಜಡೆ ನೋಡುತ್ತ ನಿಂತದ್ದು. ಸಾಲಿನ ಕೊನೆಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಪಕ್ಕದವಳಿಗೆ ತುಳುವಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಎಂಕ್ ಬಾಲ್ ತಿಕ್ಕಿಜಿ." ನನಗೆ ಬಾಲ್ ಸಿಗಲಿಲ್ಲ.

ಅದೇ ವಿದ್ಯಾರ್ಥಿನಿ ಮುಂದಿನ ವಾರ ಅದೇ ತರಗತಿಗೆ ಬಂದಾಗ ನಾಲ್ವರ ಒಂಬತ್ತು ಗುಂಪು ಮಾಡಿದಳು. ಶಾಲೆಯ ಎರಡು ಥ್ರೋಬಾಲ್, ಗಾಳಿ ಕಡಿಮೆಯಾದ ಹಳೇ ವಾಲಿಬಾಲ್ ಮೂರು, ಉಳಿದ ಗುಂಪುಗಳಿಗೆ ಬಟ್ಟೆ ಸುತ್ತಿ ಕಟ್ಟಿದ ಚೆಂಡು. ನಾಲ್ವರಿಗೆ ಒಂದು ಚೆಂಡೆಂದರೆ 25 ನಿಮಿಷದಲ್ಲಿ ಒಬ್ಬೊಬ್ಬರಿಗೆ ಆರು ನಿಮಿಷಕ್ಕೂ ಮಿಗಿಲು. ಖರ್ಚು ಏನೂ ಇಲ್ಲ. ಬದಲಾದದ್ದು ಅವಳ ಯೋಚನೆ ಮಾತ್ರ. ಅದು ಬದಲಾದದ್ದೂ ಮೊದಲ ಪಾಠ ಮುಗಿದ ಮೇಲೆ ಮೇಲ್ವಿಚಾರಕರು ಅವಳೊಟ್ಟಿಗೆ ಮೆಟ್ಟಿಲ ಮೇಲೆ ಕೂತು ಕಾಲು ಗಂಟೆ ಮಾತಾಡಿದ್ದರಿಂದ.

ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಕಾಲು ಗಂಟೆ. ಅತ್ಯಂತ ಸುಲಭವಾಗಿ ಕಳೆದುಹೋಗುವುದೂ ಇದೇ. ಅಭ್ಯಾಸ ಪಾಠಗಳ ಸಂಖ್ಯೆ ತುಂಬಬೇಕು, ದಾಖಲೆ ಪುಸ್ತಕಕ್ಕೆ ಸಹಿ ಬೀಳಬೇಕು, ಒಬ್ಬ ಮೇಲ್ವಿಚಾರಕರು ಒಂದೇ ಬೆಳಿಗ್ಗೆ ಮೂರು ಶಾಲೆ ಸುತ್ತಬೇಕು ಎಂದಾದಾಗ ಮೊದಲು ಕತ್ತರಿ ಬೀಳುವುದು ಮಾತುಕತೆಗೆ. ತರಬೇತಿ ವಿದ್ಯಾರ್ಥಿ ಹತ್ತು ಪಾಠ ಮಾಡಿರುತ್ತಾನೆ, ಆದರೆ ಒಂದೇ ಪಾಠವನ್ನು ಹತ್ತು ಸಲ ಮಾಡಿದಂತೆ.

ಇನ್ನು ಗೆರೆಯಾಚೆಗಿನ ಮಾತು.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಲ್ಲಿ ಕೊಚ್ಚಿಹೋದರು. ಅದಕ್ಕೆ ಮುಂಚಿನ ತಿಂಗಳಷ್ಟೇ ಉಳ್ಳಾಲದ ಬಳಿಯ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡಿದ್ದರು. ಮುರ್ಡೇಶ್ವರದ ಪ್ರಕರಣದಲ್ಲಿ ಜೊತೆಗಿದ್ದ ಶಿಕ್ಷಕರ ಮೇಲೆ ಕೇಸಾಯಿತು. ಹೊಣೆ ಹೊರಬೇಕಾದವರು ಹೊರಲೇಬೇಕು. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ನಮ್ಮ ಯಾವ ಶಿಕ್ಷಕ ತರಬೇತಿಯಲ್ಲಿ ಕಡಲನ್ನು ಓದಲು ಕಲಿಸುತ್ತೇವೆ? ಪ್ರತಿ ವರ್ಷ ನವೆಂಬರ್‌ನಿಂದ ಫೆಬ್ರವರಿವರೆಗೆ ಬಯಲುಸೀಮೆಯ ಶಾಲಾ ಬಸ್ಸುಗಳು ಸಾಲುಸಾಲಾಗಿ ಮಲ್ಪೆಗೆ, ಪಣಂಬೂರಿಗೆ ಬರುತ್ತವೆ. ಬಸ್ಸಿನಿಂದಿಳಿದ ಮಗು ಹುಟ್ಟಿದಲ್ಲಿಂದ ಮೊದಲ ಬಾರಿಗೆ ಕಡಲು ನೋಡುತ್ತಿರುತ್ತದೆ, ಎಷ್ಟೋ ಸಲ ಅದರ ಮಾಸ್ಟ್ರೂ ಕೂಡ.

ಅಲೆ ಜೋರಾಗಿ ಒಡೆಯುವ ಜಾಗ ಅಪಾಯ, ಶಾಂತವಾಗಿರುವ ಜಾಗ ಸುರಕ್ಷಿತ ಎಂದು ಹೊಸಬರ ಕಣ್ಣು ಹೇಳುತ್ತದೆ. ವಾಸ್ತವ ಹಲವು ಸಲ ತಿರುಗಮುರುಗ. ದಡಕ್ಕೆ ಬಂದ ನೀರು ಮರಳಿ ಹೋಗಲು ಒಂದು ಕಾಲುವೆ ಹುಡುಕಿಕೊಳ್ಳುತ್ತದೆ, ಅಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ತುಸು ಕಪ್ಪಾಗಿಯೋ, ಮರಳು ಕದಡಿ ಕೆಂಪಾಗಿಯೋ ಕಾಣುತ್ತದೆ, ನೊರೆ ಹೊರಮುಖವಾಗಿ ತೇಲಿಹೋಗುತ್ತಿರುತ್ತದೆ. ಅದೇ ಸೆಳೆತ. ಅದರಲ್ಲಿ ಸಿಕ್ಕಿದವರು ದಡದ ಕಡೆಗೇ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಅಗಲ ದಾಟಿದ ಮೇಲೆ ಒಳಗೆ ಬರಬೇಕು. ಈಜಲು ಆಗದಿದ್ದರೆ ತೇಲುತ್ತ ಕೈ ಎತ್ತಬೇಕು. ಸಸಿಹಿತ್ಲಿನಂಥ ಅಳಿವೆ ಬಾಗಿಲಲ್ಲಿ, ಅಂದರೆ ನಂದಿನಿ ಶಾಂಭವಿ ನದಿಗಳು ಕಡಲು ಸೇರುವಲ್ಲಿ, ಇಳಿತದ ಹೊತ್ತಿಗೆ ಹೊಳೆಯ ನೀರೂ ಜೊತೆಗೂಡಿ ಹೊರಗೆ ಎಳೆಯುತ್ತದೆ. ಉಬ್ಬರ ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಸರಿಯುತ್ತದೆ. ಆದ್ದರಿಂದ ಕಳೆದ ವಾರ ಇದೇ ಹೊತ್ತಿಗೆ ಆಡಿಸಿದ್ದೆ, ಏನೂ ಆಗಲಿಲ್ಲ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಇನ್ನೊಂದು ಸಂಗತಿ ಪ್ರತಿಯೊಬ್ಬ ಶಿಕ್ಷಕನಿಗೂ ಗೊತ್ತಿರಲೇಬೇಕು: ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗಾಗಿ ಹೆಣಗುವ ಬಾಯಿಗೆ ಕೂಗಲು ಆಗುವುದೇ ಇಲ್ಲ. ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲ ಮುಗಿದಿರುತ್ತದೆ. ಜಗತ್ತಿನಲ್ಲಿ 2021ರ ಒಂದೇ ವರ್ಷ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಇದನ್ನೆಲ್ಲ ತಿಳಿದವರು ನಮ್ಮಲ್ಲೇ ಇದ್ದಾರೆ. ಕೈರಂಪಣಿ ಬಲೆ ಎಳೆಯುವ ಮೀನುಗಾರ ಮೊಗವೀರರು ದಡದಲ್ಲಿ ನಿಂತೇ ನೀರಿನ ನಡೆ ಹೇಳಬಲ್ಲರು. ಉಡುಪಿ ಕಡೆಯ ಒಬ್ಬ ಹಿರಿಯರೊಂದಿಗೆ ಹೀಗೇ ಮಾತಾಡುತ್ತಿದ್ದಾಗ ಅವರು ಬೆರಳು ತೋರಿಸಿ, "ಅಲ್ಲಿ ನೊರೆ ಹೊರಗೆ ಹೋಗ್ತಾ ಉಂಟಲ್ಲ, ಅಲ್ಲಿಗೆ ಮಕ್ಕಳನ್ನು ಬಿಡ್ಲಿಕ್ಕಿಲ್ಲ" ಎಂದರು. ನನಗೆ ಆ ನೊರೆ ಕಾಣಲು ಐದು ನಿಮಿಷ ಬೇಕಾಯಿತು. ಇಂಥವರನ್ನು ಕಾಲೇಜು ಒಂದು ದಿನ ಸನ್ಮಾನಕ್ಕೆ ಕರೆದರೆ ಸಾಲದು. ವರ್ಷಕ್ಕೆ ಹತ್ತು ಬೆಳಗು, ಗೌರವಧನ ಕೊಟ್ಟು, ತರಬೇತಿ ವಿದ್ಯಾರ್ಥಿಗಳ ಪಕ್ಕದಲ್ಲಿ ನಿಲ್ಲಿಸಬೇಕು. ಬೀಚಿನ ಜೀವರಕ್ಷಕರ ಜೊತೆ ಪಾಳಿಯಲ್ಲಿ ಕೂರುವುದೂ ಅಭ್ಯಾಸ ಪಾಠದಷ್ಟೇ ಕಡ್ಡಾಯವಾಗಬೇಕು.

1941ರಲ್ಲಿ ವೇಲ್ಸ್‌ನ ಅಬರ್‌ಡೋವಿ ಎಂಬ ಕಡಲೂರಿನಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಹುಟ್ಟಿದ ಕಥೆ ಇಲ್ಲಿ ನೆನಪಾಗುತ್ತದೆ. ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ ಯುದ್ಧಕಾಲದಲ್ಲಿ ಕಟ್ಟಿದ ಶಾಲೆ ಅದು. ಹಡಗು ಮುಳುಗಿದಾಗ ವಯಸ್ಸಾದ ನಾವಿಕರಿಗಿಂತ ಗಟ್ಟಿಮುಟ್ಟಾದ ಹುಡುಗರೇ ಬೇಗ ಕೈಚೆಲ್ಲುತ್ತಾರೆ ಎಂಬ ಆತಂಕ ಅದರ ಹಿಂದಿತ್ತು. ಇಂದು ಹೊರಾಂಗಣ ಶಿಕ್ಷಣ ಎಂದು ನಾವು ಕರೆಯುವುದರ ಒಂದು ದೊಡ್ಡ ಬೇರು ಕಡಲಂಚಿನ ಈ ಅಗತ್ಯದಲ್ಲೇ ಇದೆ. ರೋಮಾಂಚನ ಅದರ ಗುರಿಯಾಗಿರಲಿಲ್ಲ.

ನಮ್ಮಲ್ಲಿ ಸಾಹಸ ಅಂದರೆ ಮೊದಲು ನೆನಪಾಗುವುದು ರೋಮಾಂಚನ. ಏಪ್ರಿಲ್, ಮೇ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಬೇಸಿಗೆ ಶಿಬಿರಗಳು ತೆರೆಯುತ್ತವೆ. ಎರಡು ಮರದ ನಡುವೆ ಹಗ್ಗ, ಹೆಲ್ಮೆಟ್, ಜಿಪ್‌ಲೈನ್, ಆಮೇಲೆ ಫೋಟೊ. ಹಗ್ಗ ಹಿಡಿದು ನಿಂತಿರುವುದು ಬಹಳ ಸಲ ಪದವಿ ಓದುತ್ತಿರುವ ಹುಡುಗರು, ರಜೆಯಲ್ಲಿ ನಾಲ್ಕು ಕಾಸು ಸಂಪಾದಿಸಲು ಬಂದವರು. ಅವರ ಶ್ರದ್ಧೆಯ ಮೇಲೆ ನನಗೆ ಅನುಮಾನವಿಲ್ಲ. ಎಂಟರ ಗಂಟು ಹಾಕಲು ಅವರಿಗೆ ಬರುತ್ತದೆ. ಆದರೆ ಗಂಟು ಹಾಕಿದವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು ಆಗಿರಬೇಕು, ಪ್ರತಿ ಮಗುವಿಗೂ, ಐವತ್ತನೆಯ ಮಗುವಿಗೂ, ಎಂಬ ಶಿಸ್ತು ಯಾರಾದರೂ ಪಕ್ಕದಲ್ಲಿ ನಿಂತು ರೂಢಿ ಮಾಡಿಸದೆ ಬರುವುದಿಲ್ಲ. ಹೆದರಿ ಅಳುವ ಮಗುವನ್ನು "ಧೈರ್ಯ ಬೇಕು, ಹೋಗು" ಎಂದು ತಳ್ಳಬಾರದು ಎಂಬುದೂ ಕಲಿಯಬೇಕಾದ ವಿದ್ಯೆಯೇ. ಬೇಡ ಎನ್ನುವ ಮಗುವಿಗೆ ಹಗ್ಗ ಹಿಡಿಯುವ ಕೆಲಸ ಕೊಟ್ಟು, ಎರಡು ಅಡಿ ಎತ್ತರದ ಹಗ್ಗದ ಮೇಲೆ ಮೊದಲು ನಡೆಸಿ, ತಾನಾಗಿ ಕೇಳುವವರೆಗೆ ಕಾಯುವ ಬೋಧಕನೇ ನಿಜವಾಗಿ ಕಲಿಸುತ್ತಿರುವವನು.

ಘಟ್ಟದ ಕಡೆ ಹೋದರೆ ಬೇರೆ ಲೆಕ್ಕ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನ ನುಗ್ಗಿದ ದೃಶ್ಯ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಮಿತಿ ಬಂದದ್ದು ಕಾಡಿಗೆ ಒಳ್ಳೆಯದು. ಆದರೆ ಬುಕಿಂಗ್ ಮಾಡಿದ ಕಾಲೇಜು ತಂಡವನ್ನು ಮುನ್ನಡೆಸುವವನಿಗೆ ಏನು ಗೊತ್ತಿರಬೇಕು ಎಂಬುದನ್ನು ಟಿಕೆಟ್ ಹೇಳುವುದಿಲ್ಲ. ಬೆಟ್ಟದವರು 1892ರಿಂದ ಬಳಸುವ ನೇಯ್‌ಸ್ಮಿತ್ ಲೆಕ್ಕವೊಂದಿದೆ: ಗಂಟೆಗೆ 5 ಕಿಲೋಮೀಟರ್ ನಡಿಗೆ, ಏರಿದ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ದಾರಿ, 600 ಮೀಟರ್ ಏರಿಕೆ ಇದ್ದರೆ ಸುಮಾರು ಎರಡು ಗಂಟೆ ನಲವತ್ತು ನಿಮಿಷ. ಇದು ರೂಢಿಯಿದ್ದ ದೊಡ್ಡವರ ಲೆಕ್ಕ. ನಮ್ಮ ಸೆಖೆ, ಬೆನ್ನಿಗೆ ಚೀಲ, ಹೈಸ್ಕೂಲ್ ಮಕ್ಕಳು ಎಂದರೆ ಅರ್ಧ ಸೇರಿಸಿಕೊಳ್ಳಬೇಕು. ನಾಲ್ಕು ಗಂಟೆ. ಹಾಗಾದರೆ ಹೊರಡುವುದು ಎಷ್ಟಕ್ಕೆ, ಶಿಖರ ಸಿಗಲಿ ಸಿಗದಿರಲಿ ತಿರುಗುವುದು ಎಷ್ಟಕ್ಕೆ? ತಿರುಗುವ ಸಮಯವನ್ನು ಬೆಳಿಗ್ಗೆಯೇ ಮಕ್ಕಳೆದುರು ಹೇಳಿಬಿಡಬೇಕು. ಮೇಲೆ ಹೋದ ಮೇಲೆ, ಶಿಖರ ಕಣ್ಣೆದುರು ಕಂಡಾಗ, ಇಪ್ಪತ್ತು ದನಿ "ಇನ್ನು ಸ್ವಲ್ಪ ಸರ್" ಎಂದಾಗ ಅದನ್ನು ಹೊಸದಾಗಿ ನಿರ್ಧರಿಸುವ ಶಕ್ತಿ ಯಾರಿಗೂ ಇರುವುದಿಲ್ಲ. ಅತ್ಯಂತ ನಿಧಾನದ ಮಗು ಮುಂದಿರಬೇಕು, ಅನುಭವಿ ಒಬ್ಬರು ಕಟ್ಟಕಡೆಗೆ ಇರಬೇಕು. ಅವರಿಂದ ಹಿಂದೆ ಯಾರೂ ಉಳಿಯಬಾರದು.

ಸಿಡಿಲು ನಮ್ಮ ಇನ್ನೊಂದು ಅಪಾಯ. ಮಳೆಗಾಲಕ್ಕೆ ಮುಂಚೆ, ಮತ್ತೆ ಅಕ್ಟೋಬರ್‌ನಲ್ಲಿ, ಸಂಜೆ ಹೊತ್ತು ಇದ್ದಕ್ಕಿದ್ದಂತೆ ಕವಿಯುತ್ತದೆ. ಕ್ರೀಡಾಕೂಟದ ಸಿದ್ಧತೆ ನಡೆಯುವ ಹೊತ್ತೂ ಅದೇ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲು ಆಗದಿದ್ದರೆ ಮೈದಾನ ಖಾಲಿ ಮಾಡಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಮರಳಬಾರದು. ತುಳುನಾಡಿನ ಆಟಿ ತಿಂಗಳ ಕೆಸರ್ಡೊಂಜಿ ದಿನಕ್ಕೂ, ಅಂದರೆ ಕೆಸರಿನಲ್ಲೊಂದು ದಿನದ ಆಟಕ್ಕೂ, ಇಂಥದೇ ಎಚ್ಚರ ಬೇಕು. ಗದ್ದೆಯ ಕೆಸರಲ್ಲಿ ಓಟ, ಹಗ್ಗಜಗ್ಗಾಟ ಮಕ್ಕಳಿಗೆ ಕೊಡುವ ಸಂತೋಷ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ, ಯಾವ ಜಿಪ್‌ಲೈನೂ ಅದಕ್ಕೆ ಸಮವಲ್ಲ. ಆದರೆ ಮಳೆಗಾಲದಲ್ಲಿ ಇಲಿಜ್ವರದ ಭಯವಿರುವ ಜಿಲ್ಲೆಗಳಿವು. ಕಾಲಲ್ಲಿ ಗಾಯವಿದ್ದ ಮಗುವನ್ನು ಗದ್ದೆಗಿಳಿಸದೆ ಬೇರೆ ಜವಾಬ್ದಾರಿ ಕೊಡುವುದು, ಆಟ ಮುಗಿದ ಕೂಡಲೇ ಶುದ್ಧ ನೀರಲ್ಲಿ ಸೋಪು ಹಾಕಿ ಕಾಲು ತೊಳೆಸುವುದು ಪಾಠದ ಭಾಗವೇ ಆಗಬೇಕು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. ಥ್ರೋಬಾಲ್, ಕಬಡ್ಡಿ, ಓಟಗಳಲ್ಲಿ ನಮ್ಮ ಹುಡುಗಿಯರು ಸದಾ ಮುಂದು. ನೀರಿನ ಹತ್ತಿರ ಬಂದಾಗ ಮಾತ್ರ ಅವರು ದಡದಲ್ಲಿ ಚಪ್ಪಲಿ, ಮೊಬೈಲು ಕಾಯುವವರಾಗುತ್ತಾರೆ. ಬಟ್ಟೆಯ ಸಂಕೋಚ, ಬದಲಾಯಿಸಲು ಕೋಣೆ ಇಲ್ಲ, ತಿಂಗಳ ದಿನಗಳು, ಕಲಿಸುವವರೆಲ್ಲ ಗಂಡಸರು. ಮುರ್ಡೇಶ್ವರದಲ್ಲಿ ಹೋದದ್ದು ನಾಲ್ವರು ಹುಡುಗಿಯರು ಎಂಬುದನ್ನು ಮರೆಯುವುದು ಹೇಗೆ? ಮೈಮುಚ್ಚುವ ಉಡುಪಿನಲ್ಲಿ, ಪರದೆ ಕಟ್ಟಿದ ಕೋಣೆಯಿಟ್ಟು, ಹೆಣ್ಣು ಬೋಧಕರಿಂದ ತೇಲುವುದನ್ನಾದರೂ ಕಲಿಸಬಹುದು. ಅದಕ್ಕೆ ಈಜಬಲ್ಲ, ಈಜು ಕಲಿಸಬಲ್ಲ ಹೆಣ್ಣು ಬಿಪಿಎಡ್ ಪದವೀಧರರು ಬೇಕು. ಸದ್ಯದ ವ್ಯವಸ್ಥೆಯಲ್ಲಿ ತೆರೆದ ನೀರಿನಲ್ಲಿ ಕಾಲಿಡದೆಯೇ ಆ ಪದವಿ ಮುಗಿಸಿಬಿಡಬಹುದು.

ಕಲಿಯಲು ಮನಸ್ಸಿದ್ದವರಿಗೆ ದಾರಿಗಳಿವೆ, ಆದರೆ ಚದುರಿಹೋಗಿವೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವುದು, ಜಲಸಾಹಸ ಮೊದಲಾದವುಗಳ ತರಬೇತಿ ನಡೆಸುತ್ತದೆ. ದೋಣಿ, ಜೀವರಕ್ಷಣೆಯ ಪ್ರಮಾಣಪತ್ರ ಬೇಕೆಂದರೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಎನ್‌ಸಿಸಿಯ ನೌಕಾ ವಿಭಾಗ ಮಂಗಳೂರಿನಲ್ಲೇ ಇದೆ, ಸ್ಕೌಟ್ಸ್ ಗೈಡ್ಸ್ ಬೇರು ಗಟ್ಟಿಯಾಗಿದೆ. ಇವುಗಳಲ್ಲಿ ಒಂದೊಂದು ಚೂರು ಕಲಿತ ಹುಡುಗರು ಬಿಪಿಎಡ್ ತರಗತಿಯಲ್ಲಿ ಅಕ್ಕಪಕ್ಕ ಕೂತಿರುತ್ತಾರೆ. ಅವರ ಕಲಿಕೆಗೆ ಅಂಕ ಕೊಟ್ಟು, ಸಹಪಾಠಿಗಳಿಗೆ ಕಲಿಸುವ ಅವಕಾಶವನ್ನೂ ಕೊಟ್ಟರೆ ಅರ್ಧ ಕೆಲಸ ಕಾಲೇಜಿನೊಳಗೇ ಆದಂತೆ.

ಇಷ್ಟೆಲ್ಲ ಕಲಿತು ಬಂದವರು ಹೋಗುವುದೆಲ್ಲಿಗೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೆ ಆಟದ ಮೈದಾನ ಬೇಕು ಎನ್ನುತ್ತದೆ. ಆದರೆ ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಎಂದಷ್ಟೇ ಹೇಳುತ್ತದೆ. ಅರೆಕಾಲಿಕ ಎಂಬ ಆ ಒಂದು ಪದದಲ್ಲೇ ಈ ವಿಷಯಕ್ಕೆ ನಾವು ಕೊಟ್ಟ ಸ್ಥಾನ ತಿಳಿಯುತ್ತದೆ. ಕರ್ನಾಟಕದ ದೈಹಿಕ ಶಿಕ್ಷಣ ಶಿಕ್ಷಕರು ತಮ್ಮನ್ನು ಇತರ ಸಹಶಿಕ್ಷಕರಿಗೆ ಸಮವಾಗಿ ಕಾಣಬೇಕು, ದೈಹಿಕ ಶಿಕ್ಷಣದ ಬಗ್ಗೆ ವೈದ್ಯನಾಥನ್ ಸಮಿತಿ ಕೊಟ್ಟ ವರದಿ ಜಾರಿಯಾಗಬೇಕು ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಹುದ್ದೆ ಖಾಲಿಯಿದ್ದ ಶಾಲೆಯಲ್ಲಿ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಖಾಸಗಿ ಶಾಲೆಗೆ ಸೇರಿದವರು ಬಸ್ಸಿನ ಉಸ್ತುವಾರಿ, ಶಿಸ್ತು, ವಾರ್ಷಿಕೋತ್ಸವದ ಕವಾಯತು ಎಲ್ಲ ಹೊತ್ತುಕೊಂಡು, ಉಳಿದ ಸಮಯದಲ್ಲಿ ಕಲಿಸಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2025ರಲ್ಲಿ ಹೊರಡಿಸಿದ ಕರಡು ನಿಯಮಾವಳಿಯಲ್ಲಿ ದೈಹಿಕ ಶಿಕ್ಷಣಕ್ಕೂ ನಾಲ್ಕು ವರ್ಷದ ಸಮಗ್ರ ಪದವಿಯ ಪ್ರಸ್ತಾಪವಿದೆ. ನಾಲ್ಕು ವರ್ಷ ಸಿಕ್ಕರೆ ಜಾಗವಂತೂ ಸಿಗುತ್ತದೆ. ಆ ಜಾಗವನ್ನು ಇನ್ನಷ್ಟು ಸಿದ್ಧಾಂತ ಪತ್ರಿಕೆಗಳಿಂದ ತುಂಬುತ್ತೇವೋ, ಬೆಳಗಿನ ಕಡಲಿನಿಂದ, ಹೊಳೆಯಿಂದ, ಮೆಟ್ಟಿಲ ಮೇಲಿನ ಆ ಕಾಲು ಗಂಟೆಯ ಮಾತಿನಿಂದ ತುಂಬುತ್ತೇವೋ ಎನ್ನುವುದನ್ನು ಪಠ್ಯಕ್ರಮ ಮಂಡಳಿಗಳಲ್ಲಿ ಕೂತವರು ಈಗಲೇ ಮಾತಾಡಬೇಕು. ಕಾಸರಗೋಡಿನ ಗಡಿಯಿಂದ ಬೈಂದೂರಿನವರೆಗಿನ ಕಾಲೇಜಿಗೂ ರಾಯಚೂರಿನ ಕಾಲೇಜಿಗೂ ಹೊರಾಂಗಣದ ಪಠ್ಯ ಒಂದೇ ಆಗಿರಬೇಕಿಲ್ಲ. ಅಲ್ಲಿನವರಿಗೆ ಬಿಸಿಲಾಘಾತ, ಬಾವಿ, ಕಾಲುವೆ ಮೊದಲು ಬರಲಿ. ನಮ್ಮವರಿಗೆ ಕಡಲು ಬರಲಿ.

ಸಸಿಹಿತ್ಲಿನ ಆ ಹುಡುಗ ಎರಡು ವಾರ ಬಿಟ್ಟು ಅದೇ ಮಕ್ಕಳೊಂದಿಗೆ ಮತ್ತೆ ಬಂದಿದ್ದ. ಪಾಠ ಯೋಜನೆಯ ಮೊದಲ ಸಾಲಿನಲ್ಲೇ ಅಂದಿನ ಇಳಿತದ ಸಮಯ ಬರೆದಿದ್ದ. ಸಾಲುಗಳನ್ನು ಈ ಸಲ ದಡದುದ್ದಕ್ಕೆ, ತೆಂಕು ಬಡಗಾಗಿ ಹಾಕಿದ. ಬಿಸಿಲು ಮಕ್ಕಳ ಕೆನ್ನೆಗೆ ಬೀಳುತ್ತಿತ್ತು, ಕಣ್ಣಿಗಲ್ಲ. ಅವನ ಬಲಗಣ್ಣಿಗೆ ಮಕ್ಕಳು, ಎಡಗಣ್ಣಿಗೆ ನೀರು. ಸಹಪಾಠಿಯೊಬ್ಬಳು ಪಾದ ಮುಳುಗುವಷ್ಟು ನೀರಿನಲ್ಲಿ ವಿಸಿಲ್ ಕಚ್ಚಿಕೊಂಡು ನಿಂತಿದ್ದಳು. ಅವಳಿಗೆ ಆಟ ಆಡಿಸುವ ಕೆಲಸವಿರಲಿಲ್ಲ, ಎಣಿಸುವ ಕೆಲಸ. ಐದು ನಿಮಿಷಕ್ಕೊಮ್ಮೆ ಕೈ ಎತ್ತಿ ಎರಡು ಬೆರಳು, ಆಮೇಲೆ ನಾಲ್ಕು ಬೆರಳು ತೋರಿಸುತ್ತಿದ್ದಳು. ಇಪ್ಪತ್ತನಾಲ್ಕು.

ಒಂಬತ್ತು ಹತ್ತಕ್ಕೆ ಗಾಳಿ ಎದ್ದಿತು. ಪಾಠಕ್ಕೆ ಇನ್ನೂ ಹತ್ತು ನಿಮಿಷ ಬಾಕಿಯಿತ್ತು, ಕೊನೆಯ ರಿಲೇ ಆಗಿರಲಿಲ್ಲ. ಅವನು ಒಮ್ಮೆ ಕಡಲು ನೋಡಿದ, ಚೆಂಡುಗಳನ್ನು ಚೀಲಕ್ಕೆ ಹಾಕಿಸಿದ, ಮಕ್ಕಳನ್ನು ತೆಂಗಿನ ಮರದ ಬುಡಕ್ಕೆ ಕರೆದೊಯ್ದು ಇನ್ನೊಮ್ಮೆ ಎಣಿಸಿದ.